ಮುಚ್ಚಳದಷ್ಟು ಕಾಫಿ

ಮೆತ್ತಣ್ಣ ಮಾಡುತ್ತಿದ್ದ ಅಪರಾಧ ಒಂದೇ ಒಂದು. ಅದನ್ನು ದಿನಾ ಬೆಳಗ್ಗೆ, ಬಾಲ್ಕನಿಯ ಬಾಗಿಲನ್ನು ಕಾಲಿನಿಂದ ಮೆಲ್ಲಗೆ ದೂಡಿ, ಒಳಗಿನಿಂದ ಯಾರೂ ಬರುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಮಾಡುತ್ತಿದ್ದ. ತನ್ನ ಫ್ಲಾಸ್ಕಿನ ಮುಚ್ಚಳಕ್ಕೆ ಒಂದಿಷ್ಟು ಕಾಫಿ ಬಗ್ಗಿಸಿ, ಒಂದನೇ ಕ್ಲಾಸಿನಲ್ಲಿ ಓದುವ ಮಗಳು ಪುಟ್ಟಿಯ ಕೈಗೆ ಕೊಡುವುದೇ ಆ ಅಪರಾಧ.

ಅವನಿಗೆ ಬೇರೆ ಹೆಸರೂ ಇತ್ತು, ಆದರೆ ಆ ಹೆಸರಿನಿಂದ ಕರೆದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಹಾಸಿಗೆ ಅಂಗಡಿಯಲ್ಲಿ ಸೇಲ್ಸ್‌ಮನ್, ಸ್ವಭಾವವೂ ಅಂಗಡಿಯ ಸರಕಿನಂಥದ್ದೇ. ಯಾರು ಬಂದು ಕೂತರೂ ತಗ್ಗುತ್ತಿದ್ದ, ಎದ್ದು ಹೋದ ಮೇಲೆ ನಿಧಾನವಾಗಿ ಮೊದಲಿನಂತಾಗುತ್ತಿದ್ದ. ಹಾಗಾಗಿ ಮನೆಯಲ್ಲೂ ಅಂಗಡಿಯಲ್ಲೂ ಮೆತ್ತಣ್ಣ ಎಂದೇ ಹೆಸರು ನಿಂತಿತ್ತು.

ಇಂಥ ಮೆತ್ತಣ್ಣ ಕದ್ದು ಮುಚ್ಚಿ ಮಗುವಿಗೆ ಕಾಫಿ ಕೊಡುತ್ತಿದ್ದುದಕ್ಕೆ ಕಾರಣವಿತ್ತು. ರಾತ್ರಿ ಅಂಗಡಿ ಮುಚ್ಚಿ ಮನೆಗೆ ಬರುವಷ್ಟರಲ್ಲಿ ಪುಟ್ಟಿ ಮಲಗಿರುತ್ತಿದ್ದಳು. ಅಪ್ಪ ಮಗಳು ಎದುರುಬದುರು ಕೂರುವುದೆಂದರೆ ಬೆಳಗಿನ ಆ ಕಾಫಿಯ ಹೊತ್ತು ಮಾತ್ರ. ಮುಚ್ಚಳ ಕೈಯಲ್ಲಿದ್ದಷ್ಟು ಹೊತ್ತು ಪುಟ್ಟಿ ದೊಡ್ಡ ಹೆಂಗಸಿನ ಹಾಗೆ ಕಾಲ ಮೇಲೆ ಕಾಲು ಹಾಕಿಕೊಂಡು ಕ್ಲಾಸಿನ ಸುದ್ದಿಯೆಲ್ಲ ಹೇಳುತ್ತಿದ್ದಳು. ಆಮೇಲೆ ಅಜ್ಜಿಯ ಗುಲಾಬಿ ಗಿಡದ ಕಡೆ ತಿರುಗಿಕೊಂಡು, "ಅಪ್ಪಾ, ಖಾಲಿ" ಎಂದು ಮುಚ್ಚಳ ವಾಪಸು ಕೊಡುತ್ತಿದ್ದಳು.

ತೊಂದರೆ ಇದ್ದದ್ದು ಹೆಂಡತಿಯ ಕಡೆಯಿಂದ. ಆಕೆ ಮಕ್ಕಳ ಆಸ್ಪತ್ರೆಯಲ್ಲಿ ನರ್ಸು. ಮಕ್ಕಳ ಬಾಯಿಗೆ ಏನು ಹೋಗಬೇಕು, ಏನು ಹೋಗಬಾರದು ಎಂಬ ವಿಷಯದಲ್ಲಿ ಇಡೀ ಕಟ್ಟಡಕ್ಕೆ ನರ್ಸಮ್ಮನ ಮಾತೇ ಕೊನೆಯ ಮಾತು. ಸಾಲದ್ದಕ್ಕೆ ಆ ದಿನ ಮಧ್ಯಾಹ್ನ ಪುಟ್ಟಿಯ ಶಾಲೆಯಲ್ಲೇ ಪೋಷಕರ ಸಭೆ, ಅದರಲ್ಲಿ ನರ್ಸಮ್ಮನದೇ ಭಾಷಣ. ವಿಷಯ: ಎಳೆಯ ಮಕ್ಕಳಿಗೆ ಕಾಫಿ ಯಾಕೆ ಬೇಡ. ವಾರವಿಡೀ ಕನ್ನಡಿಯ ಮುಂದೆ ನಿಂತು ಆಕೆ ಭಾಷಣ ಒಪ್ಪಿಸಿದ್ದಳು. ಮೆತ್ತಣ್ಣ ಮಂಚದ ತುದಿಯಲ್ಲಿ ಕೂತು ಪ್ರತಿ ಮಾತಿಗೂ "ಹೌದೌದು, ಛೆ ಛೆ" ಎಂದು ತಲೆಯಾಡಿಸಿದ್ದ.

ಆ ಬೆಳಗ್ಗೆ ಆಕೆ ಆಸ್ಪತ್ರೆಗೆ ಹೋಗಿಯಾಗಿತ್ತು. ಬಾಲ್ಕನಿಯ ಕಾರ್ಯಕ್ರಮ ಸುಸೂತ್ರವಾಗಿ ಮುಗಿದು, ಪುಟ್ಟಿ ಕೆಳಗಿಳಿದು ಶಾಲೆಯ ವ್ಯಾನು ಹತ್ತಿದಳು. ಡ್ರೈವರು ಮಾತ್ರ ಹೊರಡಲಿಲ್ಲ. ಕಿಟಕಿಯಿಂದ ತಲೆ ಹೊರಹಾಕಿ ಮೇಲಕ್ಕೆ ನೋಡಿದ.

ಈ ಡ್ರೈವರಿಗೂ ಫ ಎಂಬ ಅಕ್ಷರಕ್ಕೂ ಹುಟ್ಟಿನಿಂದ ಮಾತುಕತೆ ಇರಲಿಲ್ಲ. ಗಂಟಲು ಮಾತ್ರ ಹಾರನ್ನಿಗಿಂತ ಜೋರು.

"ಸಾರ್! ನಿನ್ನೆಯಿಂದ ನಿಮ್ ಪೋನು ಸ್ವಿಚ್ಚಾಪ್ ಬರ್ತಿದೆಯಂತೆ! ಮೇಡಮ್ಮು ಪೋನೂ ಎತ್ತಲ್ವಂತೆ! ಮಿಸ್ಸು ನನ್ ಹತ್ರ ಹೇಳಿ ಕಳಿಸಿದ್ದಾರೆ!"

"ಏನಂತಪ್ಪಾ?"

"ನಿಮ್ ಪುಟ್ಟಿ ದಿನಾ ಕ್ಲಾಸಲ್ಲಿ ಕಾಪಿ ಹೊಡೀತಾಳಂತೆ! ಇವತ್ತು ಮೀಟಿಂಗಲ್ಲಿ ಅಪ್ಪ ಅಮ್ಮ ಇಬ್ರೂ ಬಂದು ಕಾಣ್ಬೇಕಂತೆ!"

ಇಷ್ಟು ಹೇಳಿ ಡ್ರೈವರು ಗೇರು ಹಾಕಿ ಹೊರಟೇಬಿಟ್ಟ. ಪುಟ್ಟಿ ಹಿಂದಿನ ಗಾಜಿನಿಂದ ಟಾಟಾ ಮಾಡಿದಳು. ಮೆತ್ತಣ್ಣನ ಕೈ ಟಾಟಾ ಮಾಡಲು ಮೇಲೆದ್ದು ಅಲ್ಲೇ ನಿಂತಿತು. ಮುಚ್ಚಳದಷ್ಟು ಕೊಟ್ಟಿದ್ದು ಸಾಲದೆ ಮಗು ನೀರಿನ ಬಾಟಲಿಯಲ್ಲಿ ತುಂಬಿಕೊಂಡು ಹೋಗುತ್ತಿದೆಯೇ? ಎಳೆಯ ಮಗುವಿಗೆ ಕೈಯಾರೆ ಚಟ ಹತ್ತಿಸಿಬಿಟ್ಟೆನಲ್ಲ ಎಂದು ಕಣ್ಣು ಕತ್ತಲಿಟ್ಟಿತು.

ಅಷ್ಟರಲ್ಲಿ ಕೆಳಗಿನ ಮನೆಯ ಕಿಟಕಿ ತೆರೆದುಕೊಂಡಿತು. ಅದು ರೇಡಿಯೋ ಆಂಟಿಯ ಕಿಟಕಿ. ಆ ಹೆಸರು ಯಾಕೆ ಬಂತು ಎಂದು ಕಟ್ಟಡದಲ್ಲಿ ಯಾರೂ ಯಾರನ್ನೂ ಕೇಳಿದ್ದಿಲ್ಲ.

"ಏನ್ರೀ ಮೆತ್ತಣ್ಣಾ, ಕಾಫಿ ಅಂದಂಗಾಯ್ತು? ಪುಟ್ಟಿ ಕಾಫಿ ಕುಡೀತಾಳಾ? ನರ್ಸಮ್ಮನ ಮಗಳು?"

"ಕಾಫಿ ಅಲ್ಲ ಆಂಟಿ..." ಮೆತ್ತಣ್ಣ ಉಗುಳು ನುಂಗಿದ. ಉಗುಳಿನ ಜೊತೆಗೇ ಒಂದು ಉಪಾಯವೂ ಬಂತು. "ಕಫ! ಅವನು ಹೇಳಿದ್ದು ಕಫ ಅಂತ. ಅವನಿಗೆ ಫ ಬರಲ್ಲ ನೋಡಿ."

"ಕಫ ಹೊಡೀತಾಳಾ?"

"ಕೆಮ್ಮು ಹೊಡೀತಾಳೆ. ಕಫದಿಂದ."

"ಅಯ್ಯೋ ಪಾಪ!" ಎಂದು ಕಿಟಕಿ ಮುಚ್ಚಿಕೊಂಡಿತು. ಬದುಕಿದೆಯಾ ಬಡಜೀವವೇ ಎಂದು ಮೆತ್ತಣ್ಣ ಉಸಿರು ಬಿಟ್ಟ. ರೇಡಿಯೋದ ಕಿಟಕಿ ಮುಚ್ಚಿತೆಂದರೆ ಪ್ರಸಾರ ಶುರುವಾಯಿತು ಎಂದು ಅರ್ಥ. ಗಾಬರಿಯಲ್ಲಿ ಅದು ಅವನಿಗೆ ಹೊಳೆಯಲಿಲ್ಲ.

ಅವನ ತಲೆಯಲ್ಲಿ ಇದ್ದದ್ದು ಒಂದೇ ಯೋಚನೆ. ಸಭೆಗೆ ಮುಂಚೆ ಹೋಗಿ ಮಿಸ್ಸಿನ ಕೈಕಾಲು ಹಿಡಿಯಬೇಕು. ಊರ ಮಕ್ಕಳಿಗೆ ಕಾಫಿ ಬೇಡ ಎನ್ನುವವಳ ಸ್ವಂತ ಮಗಳೇ ಕ್ಲಾಸಿನಲ್ಲಿ ಕಾಫಿ ಕುಡಿದು ಸಿಕ್ಕಿಬಿದ್ದಳು ಎಂದು ಆ ಸಭೆಯಲ್ಲೇ ಬಯಲಾದರೆ ಹೆಂಡತಿಯ ಮಾನ ಮೂರು ಕಾಸಿಗೆ ಹೋಗುತ್ತದೆ. ಆಮೇಲೆ ಬೆಳಗಿನ ಬಾಲ್ಕನಿಯೂ ಇಲ್ಲ, ಎದುರು ಕೂರುವ ಮಗಳೂ ಇಲ್ಲ.

ಅಂಗಡಿಗೆ ಹೋದವನೇ ಫೋನನ್ನು ಚಾರ್ಜಿಗೆ ಹಾಕಿ, ಕ್ಯಾಷಿಯರಮ್ಮನ ಹತ್ತಿರ ಮೆಲ್ಲಗೆ ಕೇಳಿದ, "ಅಮ್ಮಾ, ಚಿಕ್ಕ ಮಕ್ಕಳು ಕಾಫಿ ಕುಡಿದ್ರೆ ಏನಾದ್ರೂ ಆಗುತ್ತಾ? ಸುಮ್ನೆ ಕೇಳಿದೆ."

"ಏನಾಗುತ್ತೆ, ಮಣ್ಣು! ನಮ್ ದೊಡ್ಡವನು ತಾಯಿ ಹಾಲು ಬಿಟ್ಟಿದ್ದೇ ಕಾಫಿ ಹಿಡಿದ. ಈಗ ನೋಡಿ ಹೇಗಿದ್ದಾನೆ!"

"ಹೇಗಿದ್ದಾರೆ?"

ಕ್ಯಾಷಿಯರಮ್ಮ ಸ್ವಲ್ಪ ಯೋಚಿಸಿದರು. "ಇದ್ದಾನೆ" ಎಂದರು.

ಹಾಸಿಗೆ ಹೊರುವ ಡೆಲಿವರಿಯವನು ಕಿವಿ ನಿಮಿರಿಸಿಕೊಂಡು ಬಂದ. "ಅಣ್ಣಾ, ಕೊಡಬೇಡ. ನಮ್ ಪಕ್ಕದ ಮನೆಯವನು ಮಗು ಇದ್ದಾಗಿಂದ ಕಾಫಿ ಕುಡಿದೂ ಕುಡಿದೂ ಬೆಳೀಲೇ ಇಲ್ಲ. ನನ್ ಸೊಂಟದಷ್ಟೇ ಇದ್ದಾನೆ."

"ಎಷ್ಟು ವಯಸ್ಸು ಅವನಿಗೆ?"

"ಮುಂದಿನ ವರ್ಷ ಆರು ತುಂಬುತ್ತೆ."

ಮೆತ್ತಣ್ಣನಿಗೆ ಇದರಿಂದ ಸಮಾಧಾನ ಪಟ್ಟುಕೊಳ್ಳಬೇಕೋ ಬೇಡವೋ ತಿಳಿಯುವ ಮೊದಲೇ ಫೋನು ಬಡಿದುಕೊಂಡಿತು. ಮನೆಯಿಂದ ಅತ್ತೆ.

"ಅಳಿಯಂದ್ರೇ! ಮಗುಗೆ ಎದೆ ತುಂಬಾ ಕಫವಂತೆ, ಮೈ ಕೆಂಡವಂತೆ, ನಂಗೊಂದು ಮಾತು ಹೇಳಬಾರದಾ? ಗಿಡದ ಜೊತೆ ಮಾತಾಡ್ಕೊಂಡು ಕೂತಿದ್ದೆ, ರೇಡಿಯೋ ಬಂದು ಹೇಳಿದ ಮೇಲೆ ಗೊತ್ತಾಯ್ತು!"

ಅತ್ತೆಗೆ ಗುಲಾಬಿ ಗಿಡವೆಂದರೆ ಪ್ರಾಣ. ಒಣಗಿದ ಕಡ್ಡಿಯಂತಿದ್ದ ಗಿಡ ಕೆಲವು ತಿಂಗಳಿಂದ ತಟ್ಟೆಯಗಲದ ಹೂ ಬಿಡುತ್ತಿತ್ತು. ಅದಕ್ಕೆ ಕಾರಣ ತಾನು ದಿನಾ ಅದರ ಜೊತೆ ಪ್ರೀತಿಯಿಂದ ಮಾತಾಡುವುದು ಎಂದು ಅತ್ತೆ ಎಲ್ಲರಿಗೂ ಹೇಳುತ್ತಿದ್ದರು. ರೇಡಿಯೋ ಆಂಟಿ ಅದನ್ನು ನಂಬಿ ತಮ್ಮ ಗಿಡದ ಜೊತೆ ತಾಸುಗಟ್ಟಲೆ ಮಾತಾಡಿದ್ದರು. ಆ ಗಿಡದಲ್ಲಿದ್ದ ಎಲೆಗಳೂ ಉದುರಿದ್ದವು.

"ಅತ್ತೇ, ಏನೂ ಇಲ್ಲ, ಬರೀ ಕೆಮ್ಮು..."

"ಏನೂ ಇಲ್ಲ ಅಂದ್ರೆ? ಮಗಳಿಗೆ ಪೋನ್ ಮಾಡಿ ಹೇಳ್ಬಿಟ್ಟಿದ್ದೀನಿ!" ಅವಸರದಲ್ಲಿ ಅತ್ತೆಗೂ ಫ ಕೈಕೊಟ್ಟಿತ್ತು.

ಮರುಗಳಿಗೆಯಲ್ಲೇ ಹೆಂಡತಿಯ ಫೋನು. "ರೀ! ಪುಟ್ಟಿಗೆ ನ್ಯುಮೋನಿಯಾನಾ? ಮನೇಲಿ ನರ್ಸ್ ಇರೋವಾಗ ನ್ಯುಮೋನಿಯಾ ಇರೋ ಮಗೂನ ಸ್ಕೂಲಿಗೆ ಕಳಿಸಿದ್ರಾ? ನಾನು ಈಗಲೇ ಸ್ಕೂಲಿಗೆ ಹೊರಟೆ!"

ಫೋನು ಕಟ್ಟಾಯಿತು. ಹೆಂಡತಿ ಈಗಲೇ ಶಾಲೆಗೆ ಹೋದರೆ ಮಿಸ್ಸಿನ ಕೈಗೆ ಮೊದಲು ಸಿಗುವವಳು ಅವಳೇ!

ಇದೇ ಹೊತ್ತಿಗೆ ಗಿರಾಕಿ ದಂಪತಿ ಬಂದರು. ಹೆಂಗಸು ಒಂದು ಹಾಸಿಗೆಯನ್ನು ಒತ್ತಿ ನೋಡಿ, "ಇದರ ಮೇಲೆ ಮಕ್ಕಳು ಕುಣಿದಾಡಿದ್ರೆ ಏನೂ ಆಗಲ್ವಾ?" ಎಂದು ಕೇಳಿದರು.

"ಮುಚ್ಚಳದಷ್ಟು ಆದ್ರೆ ಏನೂ ಆಗಲ್ಲ ಮೇಡಮ್" ಎಂದ ಮೆತ್ತಣ್ಣ, ಗೋಡೆ ನೋಡುತ್ತಾ. "ಬಾಟಲಿಗಟ್ಟಲೆ ಆದ್ರೆ ಕಷ್ಟ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು ಹೊರಗೆ ನಡೆದರು. ಅಂಗಡಿಯ ಯಜಮಾನರು ಕುರ್ಚಿಯಿಂದ ಎದ್ದು ಬಂದರು.

"ಏನ್ರೀ ಇದು? ಹುಷಾರಿಲ್ಲ ಅಂದ್ರೆ ಮನೆಗೆ ಹೋಗಿ ಮಲಗಿ!"

ಸುತ್ತ ಇಷ್ಟೊಂದು ಹಾಸಿಗೆಗಳಿದ್ದೂ ಮಲಗಲು ಮನೆಗೆ ಹೋಗು ಎನ್ನಿಸಿಕೊಂಡ ಮೆತ್ತಣ್ಣ, ಯಜಮಾನರ ಎರಡೂ ಕೈ ಹಿಡಿದು ಥ್ಯಾಂಕ್ಸ್ ಹೇಳಿ ಬೀದಿಗೆ ಓಡಿದ.

ಓಡಿ, ಬಸ್ಸು ಹತ್ತಿ, ಅದು ಉಲ್ಟಾ ದಿಕ್ಕಿಗೆ ಹೋಗುತ್ತಿದೆ ಎಂದು ಗೊತ್ತಾಗಿ ಇಳಿದು, ಮತ್ತೆ ಓಡಿ ಅವನು ಶಾಲೆ ಮುಟ್ಟುವಷ್ಟರಲ್ಲಿ ಸಭೆಯ ಹೊತ್ತೇ ಆಗಿತ್ತು. ದೊಡ್ಡ ಕೋಣೆಯ ತುಂಬ ಪೋಷಕರು. ಮುಂದಿನ ಸಾಲಿನಲ್ಲಿ ನರ್ಸಮ್ಮ ಪುಟ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವಳ ಬೆನ್ನಿಗೆ ಕಿವಿ ಇಟ್ಟಿದ್ದಳು. ಪಕ್ಕದಲ್ಲಿ ಕಂಬಳಿ ಹಿಡಿದ ಅತ್ತೆ. ಅವರ ಪಕ್ಕದಲ್ಲಿ ರೇಡಿಯೋ ಆಂಟಿ. ಆಂಟಿಯ ಮೊಮ್ಮಗ ಪುಟ್ಟಿಯ ಕ್ಲಾಸೇ ಆದ್ದರಿಂದ ಬರುವ ಹಕ್ಕು ಅವರಿಗಿತ್ತು. ಹಕ್ಕಿಲ್ಲದಿದ್ದರೂ ಬರುತ್ತಿದ್ದರು ಅನ್ನಿ.

"ಎಲ್ರೀ ಕಫ?" ಎಂದಳು ಹೆಂಡತಿ, ಹಲ್ಲು ಕಚ್ಚಿಕೊಂಡು. "ಮಗು ಗಂಟೆ ಥರ ಇದೆ! ಇಲ್ಲದ ಕಾಯಿಲೆ ಹೇಳಿ ನನ್ನನ್ನ ಆಸ್ಪತ್ರೆಯಿಂದ ಓಡಿಸಿದ್ರಲ್ಲ!"

"ಬೆಳಗ್ಗೆ ಇತ್ತು" ಎಂದ ಮೆತ್ತಣ್ಣ. "ಮಿಸ್ಸನ್ನ ನೋಡಿದ್ಯಾ?"

"ಇನ್ನೂ ಇಲ್ಲ. ಏನೋ ಹೇಳಬೇಕಂತೆ, ಭಾಷಣ ಆದ ಮೇಲೆ ಸಿಗ್ತಾರಂತೆ."

ಮೆತ್ತಣ್ಣ ಕುರ್ಚಿಗಳ ಮಧ್ಯೆ ನುಸುಳಿ ವೇದಿಕೆಯ ಪಕ್ಕದಲ್ಲಿ ನಿಂತಿದ್ದ ಮಿಸ್ಸನ್ನು ಹಿಡಿದ. ಯಾರೋ ಹಲೋ ಹಲೋ ಎಂದು ಮೈಕಿನ ಜೊತೆ ಜಗಳವಾಡುತ್ತಿದ್ದರು. ಮಾತು ಅರ್ಧ ಕೇಳುತ್ತಿತ್ತು, ಅರ್ಧ ಮೈಕಿನ ಕಿರುಚಾಟದಲ್ಲಿ ಮುಳುಗುತ್ತಿತ್ತು.

"ಮಿಸ್, ನಾನು ಪುಟ್ಟಿ ಅಪ್ಪ. ಆ ವಿಷಯ... ಎಷ್ಟು ದಿನದಿಂದ ನಡೀತಿದೆ?"

"ತುಂಬಾ ದಿನ ಆಯ್ತು ಸಾರ್. ಪಕ್ಕದಲ್ಲಿ ಕೂರೋ ಹುಡುಗನ ಹತ್ರ ಇರೋದನ್ನೆಲ್ಲ ಇಳಿಸಿಬಿಡ್ತಾಳೆ."

"ಅಯ್ಯೋ, ಅವನ ಹತ್ರಾನೂ ಇರುತ್ತಾ? ಪೂರ್ತಿ ಇಳಿಸ್ತಾಳಾ?"

"ಚೂರೂ ಬಿಡಲ್ಲ. ಕೇಳಿದ್ರೆ, ಯಾರಿಗೂ ಗೊತ್ತಾಗದ ಹಾಗೆ ಮಾಡಿದ್ರೆ ತಪ್ಪಲ್ಲ, ಅಪ್ಪಾನೇ ಹೇಳಿಕೊಟ್ಟಿದ್ದು ಅಂತಾಳೆ."

ಮೆತ್ತಣ್ಣ ಬಾಲ್ಕನಿಯಲ್ಲಿ ಅಕ್ಷರಶಃ ಹಾಗೆಯೇ ಹೇಳಿಕೊಟ್ಟಿದ್ದ. "ಮಿಸ್, ದಯವಿಟ್ಟು ಇವಳ ಅಮ್ಮನಿಗೆ ಹೇಳಬೇಡಿ."

"ಹೇಳದೆ ಹೇಗೆ ಸಾರ್? ಈ ವಯಸ್ಸಲ್ಲೇ ತಡೀಬೇಕು" ಎಂದು ಮಿಸ್ಸು ಮೈಕಿನ ಕಡೆ ನಡೆದುಬಿಟ್ಟರು.

ನರ್ಸಮ್ಮನ ಭಾಷಣ ಶುರುವಾಯಿತು. ಚೆನ್ನಾಗಿಯೇ ಮಾತಾಡಿದಳು. ಕಾಫಿ ಕುಡಿದ ಮಗುವಿಗೆ ನಿದ್ದೆ ಬರುವುದಿಲ್ಲ, ಹಸಿವು ಸತ್ತುಹೋಗುತ್ತದೆ ಎಂದಳು. ಪೋಷಕರು ತಲೆದೂಗಿದರು. ಮೆತ್ತಣ್ಣನಿಗೆ ಆ ಸ್ಥಿತಿಯಲ್ಲೂ ಹೆಂಡತಿಯ ಬಗ್ಗೆ ಹೆಮ್ಮೆಯೆನಿಸಿತು. ಹೆಮ್ಮೆಯೆನಿಸಿದ್ದರಿಂದಲೇ ಇನ್ನಷ್ಟು ಸಂಕಟವಾಯಿತು.

"ಬೇರೆಯವರ ಮನೆ ಯಾಕೆ, ನಮ್ಮ ಮನೆಯನ್ನೇ ನೋಡಿ" ಎಂದು ಆಕೆ ದನಿ ಏರಿಸಿದಳು. "ನನ್ನ ಮಗಳು ಇಲ್ಲೇ ಕೂತಿದ್ದಾಳೆ. ಎಲ್ಲರ ಮುಂದೆ ಹೇಳ್ತೀನಿ, ಇವತ್ತಿನವರೆಗೂ ಅವಳಿಗೆ ಕಾಫಿ ರುಚಿ ಅಂದ್ರೆ ಏನೂಂತ ಗೊತ್ತಿಲ್ಲ!"

ಆಗಲೇ ಮಿಸ್ಸು ಎದ್ದು ಮೈಕಿನತ್ತ ಹೆಜ್ಜೆ ಹಾಕಿದ್ದನ್ನು ಮೆತ್ತಣ್ಣ ನೋಡಿದ. ಮುಗಿಯಿತು, ತುಂಬಿದ ಸಭೆಯಲ್ಲಿ ಹೆಂಡತಿಯ ಮುಖಕ್ಕೆ ಮಸಿ! ಎಂದೂ ಯಾರಿಗೂ ಎದುರು ನಿಲ್ಲದ ಮೆತ್ತಣ್ಣನಿಗೆ ಅದೆಲ್ಲಿಂದ ಆವೇಶ ಬಂತೋ, ಎರಡು ಕುರ್ಚಿ ಬೀಳಿಸಿ, ಒಬ್ಬರ ಕಾಲು ತುಳಿದು, ಮಿಸ್ಸಿಗಿಂತ ಮೊದಲು ವೇದಿಕೆ ಹತ್ತಿ ಮೈಕನ್ನು ಕಿತ್ತುಕೊಂಡ.

"ತಪ್ಪು ನನ್ನದು!" ಎಂದು ಕೂಗಿದ. ಮೈಕು ಈ ಸಲ ಒಂದಕ್ಷರವನ್ನೂ ನುಂಗದೆ ಕಾಂಪೌಂಡಿನಾಚೆಗೂ ಕೇಳಿಸಿತು. "ಇವಳಿಗೆ ಏನೂ ಗೊತ್ತಿಲ್ಲ, ಇವಳನ್ನ ಏನೂ ಅನ್ನಬೇಡಿ. ಪುಟ್ಟಿಗೆ ಕಾಫಿ ಕೊಟ್ಟಿದ್ದು ನಾನು. ದಿನಾ ಬೆಳಗ್ಗೆ, ಬಾಲ್ಕನೀಲಿ, ಫ್ಲಾಸ್ಕಿನ ಮುಚ್ಚಳದಲ್ಲಿ. ಅವಳಿಗೆ ಕಫಾನೂ ಇಲ್ಲ, ಕೆಮ್ಮೂ ಇಲ್ಲ, ಅದೆಲ್ಲ ಸುಳ್ಳು. ನಾನು ರಾತ್ರಿ ಬರೋ ಹೊತ್ತಿಗೆ ಮಗು ಮಲಗಿರುತ್ತೆ. ಕಾಫಿ ಕೊಟ್ರೆ ಅದು ಮುಗಿಯೋ ತನಕ ಆದ್ರೂ ನನ್ ಜೊತೆ ಕೂರ್ತಾಳಲ್ಲ ಅನ್ನೋ ಆಸೆ. ಕ್ಲಾಸಿಗೆ ಬಾಟಲಿಯಲ್ಲಿ ತರ್ತಾಳೆ ಅಂತ ನನಗೆ ಗೊತ್ತಿರಲಿಲ್ಲ. ಕ್ಷಮಿಸಿಬಿಡಿ."

ನರ್ಸಮ್ಮನ ಬಾಯಿ ಅರ್ಧ ತೆರೆದೇ ಇತ್ತು. ಮಿಸ್ಸು ಕಣ್ಣು ಪಿಳಿಪಿಳಿ ಬಿಟ್ಟರು.

"ಸಾರ್, ನಾನು ಮೈಕ್ ಸ್ವಲ್ಪ ಎತ್ತರ ಮಾಡೋಣ ಅಂತ ಬಂದೆ."

"ಅಂದ್ರೆ... ಪುಟ್ಟಿ ಕ್ಲಾಸಲ್ಲಿ ಕಾಫಿ..."

"ಕಾಫೀನಾ? ಯಾರು ಹೇಳಿದ್ದು? ಕಾಪಿ ಸಾರ್, ಕಾಪಿ! ಪಕ್ಕದವನದ್ದು ನೋಡ್ಕೊಂಡು ಬರೀತಾಳೆ ಅಂತ ಹೇಳಿ ಕಳಿಸಿದ್ದು!"

ಎಲ್ಲರೂ ಬಾಗಿಲ ಹತ್ತಿರ ನಿಂತಿದ್ದ ವ್ಯಾನಿನ ಡ್ರೈವರನ್ನು ನೋಡಿದರು.

"ನಾನೂ ಕಾಪಿ ಅಂತಾನೇ ಹೇಳಿದ್ದು ಸಾರ್!" ಎಂದ ಅವನು ನೊಂದ ದನಿಯಲ್ಲಿ. ನಿಜ ಹೇಳಬೇಕೆಂದರೆ, ಆ ಬೆಳಗ್ಗೆ ಅವನ ಪೋನು, ಸ್ವಿಚ್ಚಾಪ್‌ಗಳಲ್ಲಿ ಪ ತಪ್ಪಾಗಿದ್ದರೂ ಕಾಪಿಯಲ್ಲಿ ಸರಿಯಾಗಿಯೇ ಇತ್ತು. ಅದನ್ನೇ ಮೆತ್ತಣ್ಣ ತಿದ್ದಿಕೊಂಡು ಕೇಳಿಸಿಕೊಂಡಿದ್ದ.

ಮಿಸ್ಸು ಸಾಕ್ಷಿಗೆಂದು ಒಂದು ಚಿತ್ರ ಎತ್ತಿ ಹಿಡಿದರು. ನಮ್ಮ ಕುಟುಂಬ ಬರೆಯಿರಿ ಎಂದಿದ್ದಕ್ಕೆ ಪುಟ್ಟಿ ಬರೆದದ್ದು. ಅದರಲ್ಲಿ ಇಬ್ಬರು ಅಣ್ಣಂದಿರು, ಒಂದು ನಾಯಿ, ಗಿರಿಜಾ ಮೀಸೆಯ ಅಪ್ಪ. ಇವರೆಲ್ಲರ ನಡುವೆ, ಮುಖಕ್ಕಿಂತ ದೊಡ್ಡ ಬಾಯಿಯ ಒಬ್ಬ ಅಜ್ಜಿ.

"ಇದು ನಮ್ಮನೆ!" ಎಂದು ರೇಡಿಯೋ ಆಂಟಿ ಎದ್ದು ನಿಂತರು. ಪಕ್ಕದಲ್ಲಿದ್ದ ಮೊಮ್ಮಗ ಕುರ್ಚಿಯ ಕೆಳಗೆ ಇಳಿಯತೊಡಗಿದ. "ನನ್ ಬಾಯಿ ಇಷ್ಟು ದೊಡ್ಡದಾ?"

ಮಿಸ್ಸು ಚಿತ್ರವನ್ನು ಮೆಲ್ಲಗೆ ಕೆಳಗಿಳಿಸಿದರು.

"ಯಾಕೆ ಪುಟ್ಟಿ ಕಾಪಿ ಮಾಡಿದ್ದು?" ಎಂದು ಮಿಸ್ಸು ಕೇಳಿದರು.

"ಅವರ ಮನೇಲಿ ನಾಯಿ ಇದೆ, ಮಿಸ್" ಎಂದಳು ಪುಟ್ಟಿ. ಅವಳ ಪ್ರಕಾರ ಅದಕ್ಕಿಂತ ದೊಡ್ಡ ಕಾರಣ ಬೇಕಾಗಿರಲಿಲ್ಲ.

ನರ್ಸಮ್ಮ ಮಾತ್ರ ಕಾಪಿಯ ವಿಷಯಕ್ಕೆ ಇನ್ನೂ ಬಂದೇ ಇರಲಿಲ್ಲ. ಮಗಳ ಮುಂದೆ ಮೊಣಕಾಲೂರಿ ಕೂತು ಅವಳ ಎರಡೂ ಭುಜ ಹಿಡಿದುಕೊಂಡಳು. "ನಿಜ ಹೇಳು. ದಿನಾ ಕಾಫಿ ಕುಡೀತಿದ್ಯಾ?"

"ಥೂ, ಇಲ್ಲಮ್ಮಾ. ಕಹಿ."

"ಅಪ್ಪ ಕೊಡ್ತಿದ್ದೆ ಅಂತಿದ್ದಾರಲ್ಲ?"

"ಕೊಡ್ತಿದ್ರು. ನಾನು ಹಿಂದೆ ತಿರುಗಿ ಅಜ್ಜಿ ಗುಲಾಬಿ ಗಿಡಕ್ಕೆ ಹಾಕ್ತಿದ್ದೆ. ಬೇಡ ಅಂದ್ರೆ ಅಪ್ಪ ನನ್ ಜೊತೆ ಕೂರಲ್ವಲ್ಲ, ಅದಕ್ಕೆ ಹೇಳಲಿಲ್ಲ."

ಮೆತ್ತಣ್ಣ ಈ ಸಲ ನಿಜವಾದ ಕಫವೇ ಇರಬೇಕು ಎಂಬಂತೆ ಕೆಮ್ಮಿ, ಕಣ್ಣೊರೆಸಿಕೊಂಡ. ನರ್ಸಮ್ಮನ ಮುಖವೂ ಒಂದು ಕ್ಷಣ ಮೆತ್ತಗಾಯಿತು. ಅಪ್ಪ ಮಗಳನ್ನು ಇಬ್ಬರನ್ನೂ ಕ್ಷಮಿಸಿಬಿಡುವವಳೇ ಇದ್ದಳು. ಅಷ್ಟರಲ್ಲಿ ರೇಡಿಯೋ ಆಂಟಿಯ ದನಿ ಮೊಳಗಿತು.

"ಹಾಗಾದ್ರೆ ಹೂ ಬಿಟ್ಟಿದ್ದು ಮಾತಾಡಿಸಿದ್ದಕ್ಕಲ್ಲ! ಕಾಫಿಗೆ!"

ಅತ್ತೆ ಕಂಬಳಿಯಲ್ಲಿ ಮುಖ ಮುಚ್ಚಿಕೊಂಡರು. ಸ್ವಲ್ಪ ಹೊತ್ತು ಬಿಟ್ಟು ಮುಖ ಹೊರಬಂದಾಗ ಅದರಲ್ಲಿ ನಾಚಿಕೆ ಇರಲಿಲ್ಲ, ಲೆಕ್ಕಾಚಾರ ಇತ್ತು.

ಆ ಸಂಜೆ ಮನೆಯಲ್ಲಿ ತೀರ್ಪು ಹೊರಬಿತ್ತು. ಪುಟ್ಟಿಗೆ ಕಾಫಿ ಇಲ್ಲ, ಹಾಲು. ಬೆಳಗ್ಗೆ ಬಾಲ್ಕನಿಯಲ್ಲಿ ಅಪ್ಪನ ಜೊತೆ ಕೂತೇ ಕುಡಿಯಬಹುದು. ಇದನ್ನು ಕೇಳಿ ಮೆತ್ತಣ್ಣನಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿದಂತಾಯಿತು. ಆಮೇಲೆ ಅತ್ತೆ ಗಂಟಲು ಸರಿಮಾಡಿಕೊಂಡು, "ಅಳಿಯಂದ್ರೇ, ಅಭ್ಯಾಸ ಆಗಿರೋ ಗಿಡ, ಒಮ್ಮೆಲೇ ಬಿಡಿಸಿದ್ರೆ ಸತ್ತೇಹೋಗುತ್ತೆ" ಎಂದರು. ಕೆಳಗಿನ ಮನೆಯ ರೇಡಿಯೋ ಆಂಟಿಯೂ ಒಂದು ಲೋಟ ಹಿಡಿದು ಮೆಟ್ಟಿಲು ಹತ್ತಿ ಬಂದರು, ತಮ್ಮ ಗಿಡಕ್ಕೆ. ಕೊಡದಿದ್ದರೆ ಮಧ್ಯಾಹ್ನ ಮೆತ್ತಣ್ಣ ಮೈಕಿನಲ್ಲಿ ಮಾಡಿದ ಭಾಷಣವನ್ನು ಬೀದಿಬೀದಿಗೆ ಪ್ರಸಾರ ಮಾಡುವ ಶಕ್ತಿ ಆ ಬಾಯಿಗೆ ಇದೆ ಎಂಬುದನ್ನು ಮನೆಯವರೆಲ್ಲ ಚಿತ್ರದಲ್ಲೇ ನೋಡಿದ್ದರು.

"ಎಲ್ಲರಿಗೂ ಸೇರಿಸಿ ಹೆಚ್ಚು ಕಾಫಿ ಮಾಡೋಕೆ ನನ್ನಿಂದಾಗಲ್ಲ" ಎಂದಳು ಹೆಂಡತಿ. "ಸುಳ್ಳು ಹೇಳಿದವರ ಪಾಲಿಂದ ಹೋಗಲಿ."

ಮರುದಿನ ಬೆಳಗ್ಗೆ ಬಾಲ್ಕನಿಯಲ್ಲಿ ಪುಟ್ಟಿ ಕಾಲ ಮೇಲೆ ಕಾಲು ಹಾಕಿಕೊಂಡು ಲೋಟದ ತುಂಬ ಹಾಲು ಹಿಡಿದು ಕೂತಳು. ಅತ್ತೆ ಫ್ಲಾಸ್ಕನ್ನು ಎತ್ತಿ ಗುಲಾಬಿಯ ಬುಡಕ್ಕೆ ಧಾರಾಳವಾಗಿ ಸುರಿದರು. ಹಗ್ಗ ಇಳಿಬಿಟ್ಟು ಕೆಳಗಿನಿಂದ ಎಳೆದುಕೊಂಡ ಆಂಟಿಯ ಲೋಟಕ್ಕೂ ತುಂಬಿದರು. ಆಮೇಲೆ ಫ್ಲಾಸ್ಕನ್ನು ಅಲ್ಲಾಡಿಸಿ, ತಳದಲ್ಲಿ ಉಳಿದದ್ದನ್ನು ಮುಚ್ಚಳಕ್ಕೆ ಬಗ್ಗಿಸಿ ಅಳಿಯನ ಕೈಗೆ ಕೊಟ್ಟು ಒಳಗೆ ನಡೆದರು.

ಮೆತ್ತಣ್ಣ ಮುಚ್ಚಳದೊಳಗೆ ಇಣುಕಿ ನೋಡಿದ. ಪುಟ್ಟಿ ಬಾಲ್ಕನಿಯ ಬಾಗಿಲನ್ನು ಕಾಲಿನಿಂದ ಮೆಲ್ಲಗೆ ದೂಡಿ, ಅವನ ಕಿವಿಯಲ್ಲಿ ಹೇಳಿದಳು:

"ಅಪ್ಪಾ, ನಿಧಾನಕ್ಕೆ ಕುಡಿ. ಮುಗಿದ್ರೆ ನೀನು ಎದ್ದು ಹೋಗ್ಬಿಡ್ತೀಯ."